ಕಡಲೂ ಖಾಲಿ ಬಯಲಲ್ಲ

ಆಲ್ದೂರಿನಿಂದ ಹೊರಡುವ ಈ ಪತ್ರಿಕೆಯಲ್ಲಿ ಕಡಲಿನ ಮಾತೇಕೆ ಎಂದು ಓದುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಕಾಫಿಯ ಬೆಲೆಯ ಏರಿಳಿತ, ಆನೆಗಳ ಹಾವಳಿ, ಘಟ್ಟದ ಕುಸಿತ, ಮಳೆಗಾಲದ ಕೊಳೆರೋಗ ಹೀಗೆ ಮಾತನಾಡಬೇಕಾದ ಸಂಗತಿಗಳು ನಮ್ಮ ಮನೆಬಾಗಿಲಲ್ಲೇ ಸಾಲುಗಟ್ಟಿ ನಿಂತಿವೆ. ಆದರೂ ಈ ಸಂಚಿಕೆಯ ಸಂಪಾದಕೀಯವನ್ನು ಅರಬ್ಬೀ ಸಮುದ್ರಕ್ಕೆ ಮೀಸಲಿಡುತ್ತಿರುವುದಕ್ಕೆ ಕಾರಣವಿದೆ.

ಮಲೆನಾಡಿನ ಸಭೆಗಳಲ್ಲಿ ಇತ್ತೀಚೆಗೆ ಒಂದು ವಾದ ಮತ್ತೆ ಮತ್ತೆ ಕೇಳಿಬರುತ್ತಿದೆ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗ ಅದನ್ನು ವಿರೋಧಿಸಿದವರಲ್ಲಿ ನಾವೂ ಇದ್ದೇವೆ. ಬೆಟ್ಟದ ನೆತ್ತಿಯ ಹುಲ್ಲುಗಾವಲುಗಳಲ್ಲಿ ಗಾಳಿಯಂತ್ರ ನೆಡುವುದನ್ನೂ ನಾವು ಒಪ್ಪಿಲ್ಲ. ಹಾಗಾದರೆ ವಿದ್ಯುತ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎದ್ದಾಗ, 'ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸಲಿ. ಅಲ್ಲಿ ಯಾರ ತೋಟವೂ ಇಲ್ಲ, ಯಾರ ಮನೆಯೂ ಇಲ್ಲ' ಎಂಬ ಉತ್ತರ ಸಲೀಸಾಗಿ ಬರುತ್ತದೆ. ಉತ್ತರ ಸುಲಭವಾಗಿದೆ ಎಂಬ ಕಾರಣಕ್ಕೇ ಅದನ್ನು ಪರೀಕ್ಷಿಸಬೇಕಾಗಿದೆ. ನಮ್ಮ ಕಾಡನ್ನು ದೂರದಿಂದ ನೋಡಿದ ಯೋಜನಾಕಾರರೂ ಒಂದು ಕಾಲಕ್ಕೆ ಇದೇ ಮಾತನ್ನು ಆಡಿದ್ದರು: ಅಲ್ಲಿ ಯಾರೂ ಇಲ್ಲ.

ಮೊದಲಿಗೆ, ಆ ಕಡಲಿಗೂ ನಮಗೂ ಇರುವ ಸಂಬಂಧವನ್ನು ನೆನಪಿಸಿಕೊಳ್ಳೋಣ. ನಮ್ಮ ತೋಟಗಳಿಗೆ ಬೀಳುವ ಮುಂಗಾರು ಅಲ್ಲಿಂದ ಏರಿ ಬರುತ್ತದೆ. ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿ ಅಲ್ಲಿಗೆ ಹರಿದು ಸೇರುತ್ತದೆ. ನಮ್ಮ ಕಾಫಿಯಲ್ಲಿ ಒಂದು ಪಾಲು ಪಣಂಬೂರಿನ ಬಂದರಿನಿಂದ ಹಡಗು ಹತ್ತುತ್ತದೆ. ಚಾರ್ಮಾಡಿ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿಗಳು ಲೈನ್ ಮನೆಗಳ ಕೂಲಿಕಾರರಿಗೆ ಕೈಗೆಟಕುವ ಪೌಷ್ಟಿಕ ಆಹಾರ. ಕುದುರೆಮುಖದ ಗಣಿಯ ಕೆಸರದಿರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದದ್ದೂ ಇದೇ ಪಣಂಬೂರಿಗೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಲ್ಲುವವರೆಗೂ ಬೆಟ್ಟ ಮತ್ತು ಬಂದರು ಒಂದೇ ಯಂತ್ರದ ಎರಡು ತುದಿಗಳಾಗಿದ್ದವು.

ಇನ್ನು, ಆ ಕಡಲನ್ನು ಇಂದು ಬಳಸುತ್ತಿರುವವರು ಯಾರು? 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರಿಗೆ ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು ಹೊತ್ತ ಹಡಗುಗಳು ನಿರಂತರವಾಗಿ ಬರುತ್ತವೆ. ಬಂದರಿನ ಒಳಕ್ಕೆ ಬರಲಾರದಷ್ಟು ದೊಡ್ಡ ಟ್ಯಾಂಕರುಗಳು ದಡದಿಂದ ದೂರ, ಆಳದ ನೀರಿನಲ್ಲಿ ತೇಲುವ ಕಟ್ಟುಕಂಬವೊಂದಕ್ಕೆ ಬಿಗಿದು ನಿಂತು, ಕಡಲತಳದ ಕೊಳವೆಯ ಮೂಲಕ ತೈಲ ಇಳಿಸುತ್ತವೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ದೇಶದ ತುರ್ತು ಬಳಕೆಗಾಗಿ ನೆಲದಡಿಯ ಗುಹೆಗಳಲ್ಲಿ ಕೂಡಿಡುವ ವ್ಯವಸ್ಥೆಯಿದೆ. ಕೊಲ್ಲಿ ರಾಷ್ಟ್ರಗಳಿಂದ ಕೊಚ್ಚಿ, ಕೊಲಂಬೊಗಳತ್ತ ಸಾಗುವ ದೊಡ್ಡ ಹಡಗುಗಳ ದಾರಿಯೂ ಇದೇ ಕಡಲಿನಲ್ಲಿದೆ. ಇವುಗಳ ನಡುವೆಯೇ ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರಗಳ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ನಾಡದೋಣಿಗಳೂ ದುಡಿಯುತ್ತವೆ. ಇಷ್ಟೆಲ್ಲ ಇರುವ ಜಾಗವನ್ನು ಖಾಲಿ ಎನ್ನಲಾಗದು.

ಈ ದಟ್ಟಣೆಯ ಬೆಲೆ ಏನೆಂಬುದಕ್ಕೆ ಒಂದು ನಿದರ್ಶನ ಸಾಕು. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ ಸಿಂಗಪುರದ ಧ್ವಜ ಹೊತ್ತ ಸರಕು ಹಡಗೊಂದಕ್ಕೂ ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕಾ ಬೋಟಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರು. ಬೋಟು ಕೇರಳದ್ದು, ದುಡಿಯುತ್ತಿದ್ದವರು ತಮಿಳುನಾಡು, ಬಂಗಾಳಗಳ ಕಡೆಯವರು, ದುರಂತ ನಡೆದದ್ದು ಕರ್ನಾಟಕದ ಎದುರಿನ ಕಡಲಿನಲ್ಲಿ, ಹಡಗು ಪರದೇಶದ್ದು. ನೈರುತ್ಯ ಕರಾವಳಿಯಲ್ಲಿ ಸರಕು ಹಡಗುಗಳ ದಾರಿಯನ್ನೂ ಮೀನುಗಾರರ ದಾರಿಯನ್ನೂ ಬೇರ್ಪಡಿಸುವ ಕೇಂದ್ರ ಸರ್ಕಾರದ ಆದೇಶ ಇದಕ್ಕೆ ಎಂಟು ತಿಂಗಳ ಹಿಂದೆ, 2020ರ ಆಗಸ್ಟ್ 1ರಿಂದಲೇ, ಜಾರಿಗೆ ಬಂದಿತ್ತು. ದಾರಿ ಬೇರ್ಪಡಿಸಿದ್ದು ಸರಿಯಾದ ಹೆಜ್ಜೆ. ಆದರೆ ನಕ್ಷೆಯ ಮೇಲಿನ ಗೆರೆಯೊಂದೇ ಜೀವ ಕಾಯುವುದಿಲ್ಲ ಎಂಬ ಪಾಠವೂ ಅದರ ಜೊತೆಗೇ ಬಂತು.

ಈ ಚಿತ್ರದೊಳಕ್ಕೆ ಈಗ ಗಾಳಿ ವಿದ್ಯುತ್ತನ್ನು ತಂದು ನೋಡೋಣ. ಕಡಲೊಳಗಿನ ಗಾಳಿ ವಿದ್ಯುತ್ತಿಗಾಗಿ ರಾಷ್ಟ್ರೀಯ ನೀತಿ ರೂಪುಗೊಂಡದ್ದು 2015ರಲ್ಲಿ. ಗುಜರಾತ್ ಮತ್ತು ತಮಿಳುನಾಡಿನ ತೀರದಾಚೆ ತಲಾ ಎಂಟು ವಲಯಗಳನ್ನು ಗುರುತಿಸಲಾಗಿದೆ. ಈ ಎರಡು ರಾಜ್ಯಗಳಲ್ಲಿ ತಲಾ 500 ಮೆಗಾವಾಟಿನ ಮೊದಲ ಘಟಕಗಳಿಗೆ ನೆರವಾಗಲು ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಮೊದಲ ಪಟ್ಟಿಯಲ್ಲಿ ನಮ್ಮ ಕರಾವಳಿಯ ಹೆಸರಿಲ್ಲ. ಇದನ್ನು ನಿರ್ಲಕ್ಷ್ಯವೆಂದು ಭಾವಿಸಬೇಕಾಗಿಲ್ಲ. ಯೋಚಿಸಲು ನಮಗೆ ದೊರೆತ ಕಾಲಾವಕಾಶವೆಂದು ತಿಳಿಯಬೇಕು.

ಇಂಥ ಘಟಕಗಳಿಗೆ ಎಷ್ಟು ಜಾಗ ಬೇಕು? ನೆದರ್‌ಲ್ಯಾಂಡ್ಸಿನ ತೀರದಾಚೆ ಇರುವ 'ಹಾಲಂಡ್ಸೆ ಕುಸ್ಟ್ ಝೌಡ್' ಎಂಬಲ್ಲಿ 139 ಗಾಳಿಯಂತ್ರಗಳು ಸುಮಾರು 1,500 ಮೆಗಾವಾಟ್ ಸಾಮರ್ಥ್ಯಕ್ಕಾಗಿ ಸುಮಾರು 225 ಚದರ ಕಿಲೋಮೀಟರ್ ಕಡಲನ್ನು ಆವರಿಸಿವೆ. ಅಂತಾರಾಷ್ಟ್ರೀಯ ಕಡಲ ಕಾನೂನಿನ ಪ್ರಕಾರ ಇಂಥ ಕಟ್ಟಡಗಳ ಸುತ್ತ 500 ಮೀಟರ್‌ವರೆಗೆ ಸುರಕ್ಷಾ ವಲಯ ವಿಧಿಸಬಹುದು. ಆದರೆ ಅಂತಾರಾಷ್ಟ್ರೀಯ ಹಡಗು ಸಂಚಾರಕ್ಕೆ ಅತ್ಯಗತ್ಯವಾದ, ಮಾನ್ಯತೆ ಪಡೆದ ದಾರಿಗೆ ಅಡ್ಡಿಯಾಗುವಂತೆ ಅವುಗಳನ್ನು ಕಟ್ಟುವಂತಿಲ್ಲ. ಭಾರತವೂ ಈ ಕಾನೂನಿಗೆ 1995ರಲ್ಲಿ ಅಂಗೀಕಾರ ನೀಡಿದೆ. ಹಾಗಿದ್ದೂ, ಹಡಗಿನ ದಾರಿಯ ಹೊರಗೇ ಯಂತ್ರ ನಿಲ್ಲಿಸಿದ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ. 2022ರ ಜನವರಿ 31ರಂದು ಬಿರುಗಾಳಿಗೆ ಸಿಕ್ಕಿದ 'ಜೂಲಿಯೆಟಾ ಡಿ' ಎಂಬ ಹಡಗು ಮತ್ತೊಂದು ಹಡಗಿಗೆ ಬಡಿದು, ಹತೋಟಿ ತಪ್ಪಿ ತೇಲುತ್ತ ಬಂದು, ಆಗಿನ್ನೂ ಕಟ್ಟುತ್ತಿದ್ದ ಇದೇ ವಲಯದ ಅಡಿಪಾಯವೊಂದಕ್ಕೆ ಅಪ್ಪಳಿಸಿತು. 2023ರ ಏಪ್ರಿಲ್‌ನಲ್ಲಿ ಧಾನ್ಯ ಹೊತ್ತ 'ಪೆಟ್ರಾ ಎಲ್' ಎಂಬ ಹಡಗು ಜರ್ಮನಿಯ ಗಾಳಿಯಂತ್ರವೊಂದಕ್ಕೆ ಬಡಿದು ಮೈ ಸೀಳಿಸಿಕೊಂಡಿತು. ನಮ್ಮಲ್ಲಿಯೂ 2005ರ ಜುಲೈ 27ರಂದು ಬಾಂಬೆ ಹೈ ತೈಲವೇದಿಕೆಗೆ ಅದರ ಸೇವೆಗೇ ಬಂದಿದ್ದ ಹಡಗು ಬಡಿದು ಬೆಂಕಿ ಹತ್ತಿ 22 ಮಂದಿ ಸತ್ತರು.

ಇಲ್ಲಿ ನಮ್ಮ ಕರಾವಳಿಯ ವಿಶೇಷವೊಂದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಬ್ಬಿಣದ ಅದಿರು ಹೊತ್ತ 'ಏಷ್ಯನ್ ಫಾರೆಸ್ಟ್' ಮಂಗಳೂರಿನ ಬಳಿ ಮುಳುಗಿದ್ದು 2009ರ ಜುಲೈನಲ್ಲಿ. 'ಪ್ರಿನ್ಸೆಸ್ ಮಿರಲ್' ಉಳ್ಳಾಲದ ಬಳಿ ನೆಲಕ್ಕೆ ತಾಗಿ ಮುಳುಗಿದ್ದು 2022ರ ಜೂನ್‌ನಲ್ಲಿ. 640 ಕಂಟೇನರುಗಳನ್ನು ಹೊತ್ತಿದ್ದ 'ಎಂಎಸ್‌ಸಿ ಎಲ್ಸಾ 3' ಕೊಚ್ಚಿಯ ಬಳಿ ಮುಳುಗಿದ್ದು 2025ರ ಮೇ 25ರಂದು. 'ವಾನ್ ಹೈ 503' ಹಡಗಿಗೆ ಕಣ್ಣೂರಿನ ಆಚೆ ಬೆಂಕಿ ಹತ್ತಿದ್ದು ಅದೇ ವರ್ಷದ ಜೂನ್ 9ರಂದು. ಕಾರಣಗಳು ಬೇರೆ ಬೇರೆಯಾದರೂ ಇವೆಲ್ಲವೂ ಮುಂಗಾರು ಕಾಲಿಡುವ ಹೊತ್ತಿನಲ್ಲಿ, ಇಲ್ಲವೇ ಮುಂಗಾರು ರಭಸದಲ್ಲಿರುವಾಗ ನಡೆದವು. ಆಗ ಗಾಳಿ ಪಡುವಣದಿಂದ ದಡದತ್ತ ಬೀಸುತ್ತದೆ. ಯಂತ್ರ ಕೆಟ್ಟ ಹಡಗು ತೇಲುವುದೂ ದಡದತ್ತಲೇ. ಹಡಗಿನ ದಾರಿಗೂ ದಡಕ್ಕೂ ನಡುವೆ ನೂರಾರು ಕಂಬಗಳನ್ನು ನಿಲ್ಲಿಸಿದರೆ, ಹತೋಟಿ ತಪ್ಪಿದ ಹಡಗಿನ ಎದುರಿಗೇ ಅವುಗಳನ್ನು ನಿಲ್ಲಿಸಿದಂತೆ. ಆದ್ದರಿಂದ ದಾರಿಗೂ ಯಂತ್ರಗಳಿಗೂ ನಡುವಣ ಅಂತರವನ್ನು ಬೇಸಿಗೆಯ ಶಾಂತ ಕಡಲನ್ನು ನೋಡಿ ನಿಗದಿಪಡಿಸದೆ, ಜುಲೈ ತಿಂಗಳ ಕಡಲನ್ನು ನೋಡಿ ನಿಗದಿಪಡಿಸಬೇಕು. ಕೆಟ್ಟುನಿಂತ ಹಡಗನ್ನು ಎಳೆದು ನಿಲ್ಲಿಸಬಲ್ಲ ಟಗ್ ದೋಣಿಗಳು ಆ ತಿಂಗಳುಗಳಲ್ಲಿ ಸಮೀಪದಲ್ಲೇ ಸನ್ನದ್ಧವಾಗಿರಬೇಕು.

ಉತ್ತರ ಸಮುದ್ರದ ದೇಶಗಳು ಈ ಸಮಸ್ಯೆಗೆ ಹುಡುಕಿಕೊಂಡ ದಾರಿಗೆ ಸಾಗರ ಪ್ರದೇಶ ಯೋಜನೆ ಎಂದು ಹೆಸರು. ಸರಳವಾಗಿ ಹೇಳುವುದಾದರೆ, ಒಂದು ಕಡಲಿನಲ್ಲಿ ಯಾವ ಕೆಲಸ ಎಲ್ಲಿ, ಯಾವ ಕಾಲದಲ್ಲಿ, ಯಾರ ಒಪ್ಪಿಗೆಯಿಂದ ನಡೆಯಬೇಕೆಂಬುದನ್ನು ಎಲ್ಲ ಬಳಕೆದಾರರನ್ನೂ ಕೂರಿಸಿಕೊಂಡು ಮೊದಲೇ ನಿರ್ಧರಿಸುವುದು. ನೆದರ್‌ಲ್ಯಾಂಡ್ಸ್ 2013ರ ಆಗಸ್ಟ್‌ನಲ್ಲಿ ತನ್ನ ತೀರದಾಚೆಯ ಹಡಗುದಾರಿಗಳನ್ನೇ ಮರುಹೊಂದಿಸಿ, ಸಂಚಾರವನ್ನು ಸುರಕ್ಷಿತಗೊಳಿಸುವುದರ ಜೊತೆಗೆ ಗಾಳಿಯಂತ್ರಗಳಿಗೂ ಎಡೆ ಮಾಡಿಕೊಂಡಿತು. ಇಂಥ ಯೋಜನೆ ಮಾಡಬೇಕೆಂದೂ ನೆರೆಯ ದೇಶಗಳೊಡನೆ ಹೊಂದಾಣಿಕೆ ಇರಬೇಕೆಂದೂ ಐರೋಪ್ಯ ಒಕ್ಕೂಟ 2014ರಲ್ಲಿ ನಿರ್ದೇಶನ ನೀಡಿತು. ನೆರೆಯವರೊಡನೆ ಏಕೆ? ಬೆಲ್ಜಿಯಮ್ಮಿನ ಅತಿ ದೊಡ್ಡ ಬಂದರಾದ ಆಂಟ್‌ವರ್ಪಿಗೆ ಹಡಗುಗಳು ನೆದರ್‌ಲ್ಯಾಂಡ್ಸಿನ ನೀರನ್ನು ಹಾದೇ ಹೋಗಬೇಕು. ಒಂದು ದೇಶ ಬಿಟ್ಟ ಹಡಗುದಾರಿಗೆ ಇನ್ನೊಂದು ದೇಶ ಗಡಿಯಲ್ಲಿ ಗಾಳಿಯಂತ್ರ ನೆಟ್ಟರೆ ಆ ದಾರಿ ಎಲ್ಲಿಗೂ ಮುಟ್ಟದು. ಘಟ್ಟದ ಈಚೆ ನಾಲ್ಕು ಪಥದ ರಸ್ತೆ ಮಾಡಿ ಆಚೆ ಗೋಡೆ ಕಟ್ಟಿದಂತಾದೀತು.

ನಮ್ಮ ಕಡಲಿಗೂ ಗಡಿಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಾಸರಗೋಡೂ ಲಕ್ಷದ್ವೀಪ ಸಮೂಹದ ಅಮಿನಿದಿವಿ ದ್ವೀಪಗಳೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಒಬ್ಬ ಜಿಲ್ಲಾಧಿಕಾರಿಯ ಆಡಳಿತಕ್ಕೊಳಪಟ್ಟಿದ್ದ ತೀರ ಮತ್ತು ದ್ವೀಪಗಳು ಇಂದು ಕರ್ನಾಟಕ, ಕೇರಳ ಮತ್ತು ಕೇಂದ್ರಾಡಳಿತ ಲಕ್ಷದ್ವೀಪಗಳಲ್ಲಿ ಹಂಚಿಹೋಗಿವೆ. ಉತ್ತರಕ್ಕೆ ಗೋವಾ ಇದೆ. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯಗಳ ಅಧಿಕಾರಕ್ಕೆ ಒಳಪಟ್ಟದ್ದು, ಅದರಾಚೆಯದು ಕೇಂದ್ರದ್ದು. ಹಡಗು ಸಂಚಾರ ಒಂದು ಸಚಿವಾಲಯಕ್ಕೆ, ಗಾಳಿ ವಿದ್ಯುತ್ ಇನ್ನೊಂದಕ್ಕೆ, ತೈಲ ಮತ್ತೊಂದಕ್ಕೆ, ಕಡಲತಳದ ಖನಿಜ ಮಗದೊಂದಕ್ಕೆ ಸೇರಿದೆ. 2024ರ ನವೆಂಬರ್‌ನಲ್ಲಿ ಕೇರಳದ ಕಡಲತಳದ ಮರಳನ್ನು ಹರಾಜಿಗಿಟ್ಟಾಗ ಅಲ್ಲಿನ ಮೀನುಗಾರರು ಬೀದಿಗಿಳಿಯಬೇಕಾಯಿತು.

ಮೀನಿಗೂ ಗಾಳಿಗೂ ತೈಲದ ಜಿಡ್ಡಿಗೂ ಈ ಗಡಿಗಳ ಪರಿವೆಯಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟು ಏಳು ಮಂದಿಯೊಡನೆ ಕಾಣೆಯಾದ 'ಸುವರ್ಣ ತ್ರಿಭುಜ' ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ. ಕೇರಳದ ಕಡಲಿನಲ್ಲಿ ಹೊತ್ತಿ ಉರಿದ 'ವಾನ್ ಹೈ'ಯಿಂದ ಪಾರಾದ 18 ಮಂದಿಯನ್ನು ಕರೆತಂದದ್ದು ಮಂಗಳೂರಿಗೆ. ನಾರ್ವೆಯ ಸಹಕಾರದೊಡನೆ 2019ರಿಂದ ನಮ್ಮ ದೇಶದಲ್ಲಿಯೂ ಸಾಗರ ಪ್ರದೇಶ ಯೋಜನೆಯ ಪ್ರಯೋಗ ಆರಂಭವಾಗಿದೆ; ಅದಕ್ಕೆ ಆಯ್ದುಕೊಂಡದ್ದು ಪುದುಚೇರಿ ಮತ್ತು ಲಕ್ಷದ್ವೀಪಗಳನ್ನು. ಇದು ಸ್ವಾಗತಾರ್ಹ. ಆದರೆ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಕಲ್ಲು ಹೊತ್ತು ಮಂಗಳೂರಿನ ಹಳೆಯ ಬಂದರಿನಿಂದ ಹೊರಡುವ ಹಡಗು ಕ್ರಮಿಸುವ ಕಡಲು ಆ ಯೋಜನೆಯೊಳಗೆ ಬಾರದಿದ್ದರೆ, ದ್ವೀಪದ ನಕ್ಷೆಯೊಂದರಿಂದ ಪೂರ್ಣ ಪ್ರಯೋಜನವಾಗದು. ಕರ್ನಾಟಕ, ಕೇರಳ, ಗೋವಾ, ಲಕ್ಷದ್ವೀಪ ಮತ್ತು ಕೇಂದ್ರ ಒಟ್ಟಿಗೆ ಕುಳಿತು ಒಂದೇ ಯೋಜನೆ ಮಾಡಬೇಕೆಂಬುದು ನಮ್ಮ ಸ್ಪಷ್ಟ ನಿಲುವು.

ಆ ಯೋಜನೆಯ ಕ್ರಮ ಹೇಗಿರಬೇಕು? ಕೃಷಿಯಿಂದ ಕಲಿತ ಒಂದು ತತ್ತ್ವವನ್ನು ಇಲ್ಲಿ ಮುಂದಿಡುತ್ತೇವೆ. ತೋಟ ಮಾಡುವಾಗ ಮೊದಲು ನೀರಿನ ಹರಿವನ್ನೂ ಉಳಿಸಬೇಕಾದ ನೆರಳಿನ ಮರಗಳನ್ನೂ ಗುರುತಿಸಿಕೊಂಡು, ಆಮೇಲೆ ಕಾಫಿಯ ಗುಂಡಿ ತೋಡುತ್ತೇವೆ. ಜಾಗ ಬದಲಿಸಲಾಗದ್ದು ಮೊದಲು, ಬದಲಿಸಬಹುದಾದದ್ದು ಆಮೇಲೆ. ಮೀನು ಮೊಟ್ಟೆಯಿಡುವ, ಮರಿ ಬೆಳೆಯುವ ನೆಲೆಗಳನ್ನು ಎಲ್ಲಿಗೂ ಎತ್ತಿಡಲಾಗದು. ಅವು ಮೊದಲು ನಕ್ಷೆಗೆ ಬರಲಿ. ದಡದ ಸಮೀಪ ಬಿಟ್ಟು ದೂರ ಹೋಗಲಾರದ ನಾಡದೋಣಿಯವರ ಕಡಲು ಅದರ ಜೊತೆಗೇ ಬರಲಿ. ಹಡಗಿನ ದಾರಿಯನ್ನು ಒಂದಿಷ್ಟು ಸರಿಸಬಹುದು. ಆದರೆ ಬಂದರಿನ ಬಾಯಿಯನ್ನು ಸರಿಸಲಾಗದು, ದೂರ ಹೆಚ್ಚಿದಷ್ಟೂ ಇಂಧನವೂ ಹೆಚ್ಚು ಉರಿಯುತ್ತದೆ. ಗಾಳಿ ವಿಶಾಲ ಪ್ರದೇಶದ ಮೇಲೆ ಬೀಸುವುದರಿಂದ ಗಾಳಿಯಂತ್ರಕ್ಕೆ ಆಯ್ಕೆಯಿದೆ. ಆದರೆ ಅದು ನಿಲ್ಲುವ ಮುನ್ನ ಮಾತ್ರ. ಒಮ್ಮೆ ನಿಂತರೆ ಇಪ್ಪತ್ತೈದು ಮೂವತ್ತು ವರ್ಷ ಅಲ್ಲಿಂದ ಕದಲದು. ಕೊನೆಗೆ ಬರುವುದಕ್ಕೆ ಕೊನೆಗೇ ಜಾಗ ಗೊತ್ತುಪಡಿಸುವುದು ನ್ಯಾಯ.

ಒಂದೇ ಜಾಗದಲ್ಲಿ ಹಲವು ಬಳಕೆ ಸಾಧ್ಯವೇ ಎಂಬುದನ್ನೂ ನೋಡಬೇಕು. ಮೇಲೆ ಸಿಲ್ವರ್, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ, ಇನ್ನೂ ತಗ್ಗಿನಲ್ಲಿ ಏಲಕ್ಕಿ ಇರುವ ತೋಟ ನಮಗೆ ಹೊಸದಲ್ಲ. ಕಡಲಿನಲ್ಲಿಯೂ ಮೇಲ್ಮೈ, ನಡುನೀರು, ತಳ ಎಂಬ ಅಂತಸ್ತುಗಳಿವೆ. ಯಂತ್ರಗಳ ನಡುವೆ ಸಣ್ಣ ದೋಣಿ ಗಾಳ ಹಾಕಬಹುದು. ಆದರೆ ತಳ ಗೋರುವ ಟ್ರಾಲ್ ಬಲೆ ಮತ್ತು ತಳದಲ್ಲಿ ಹಾಸಿದ ವಿದ್ಯುತ್ ಕೇಬಲ್ ಒಟ್ಟಿಗೆ ಬಾಳಲಾರವು. 2024ರ ಡಿಸೆಂಬರ್ 25ರಂದು ಫಿನ್‌ಲ್ಯಾಂಡ್ ಮತ್ತು ಎಸ್ಟೋನಿಯಾಗಳ ನಡುವಣ ವಿದ್ಯುತ್ ಕೇಬಲ್ ತುಂಡಾದದ್ದು ಹಡಗೊಂದು ಎಳೆದುಕೊಂಡು ಹೋದ ಲಂಗರಿನಿಂದ ಎಂದು ಅಲ್ಲಿನ ತನಿಖಾಧಿಕಾರಿಗಳು ಹೇಳಿದ್ದಾರೆ. ಆದ್ದರಿಂದ ಸಹಬಾಳ್ವೆ ಎಂಬ ಮಾತನ್ನು ವರದಿಯ ಅಲಂಕಾರಕ್ಕೆ ಬಳಸದೆ, ಯಾವ ಬಲೆ, ಯಾವ ಆಳ, ಯಾವ ತಿಂಗಳು ಎಂದು ವಿವರವಾಗಿ ಬರೆಯಬೇಕು.

ಇನ್ನೊಂದು ಸಂಗತಿ ಯೋಜನಾಕಾರರ ಕಣ್ಣಿಗೆ ಬೀಳುವುದು ಕಡಿಮೆ. ಪಣಂಬೂರಿಗೆ ಬರುವ ಸರಕಿನಲ್ಲಿ ದೊಡ್ಡ ಪಾಲು ಇಂಧನವೇ. ನಂದಿಕೂರಿನ 1,200 ಮೆಗಾವಾಟ್ ಉಷ್ಣಸ್ಥಾವರಕ್ಕೆ ಕಲ್ಲಿದ್ದಲು ಬರುವುದು ಹಡಗಿನಲ್ಲಿ. ಗಾಳಿ ವಿದ್ಯುತ್ ಹೆಚ್ಚಿದರೆ ಕಲ್ಲಿದ್ದಲಿನ ಹಡಗು ಕಡಿಮೆಯಾಗಬೇಕು; ಹಾಗಾಗದೆ ಎರಡೂ ಒಟ್ಟಿಗೆ ಬೆಳೆದರೆ ಕಡಲಿನ ಮೇಲೆ ಇಮ್ಮಡಿ ಹೊರೆ. ಗಾಳಿಯಂತ್ರಕ್ಕೆ ಜಾಗ ಕೇಳುವ ಸರ್ಕಾರ ಯಾವ ಉಷ್ಣಸ್ಥಾವರವನ್ನು ಯಾವ ವರ್ಷ ಮುಚ್ಚುತ್ತೇವೆಂಬುದನ್ನೂ ಅದೇ ಕಾಗದದಲ್ಲಿ ಬರೆಯಲಿ. ನಂದಿಕೂರಿನ ವಿದ್ಯುತ್ ಘಟ್ಟದ ಕಾಡುಗಳನ್ನು ಸೀಳಿಕೊಂಡು ಹಾಸನದ ಶಾಂತಿಗ್ರಾಮಕ್ಕೆ 400 ಕಿಲೋವೋಲ್ಟ್ ತಂತಿಯಲ್ಲಿ ಹೋಗುತ್ತಿದೆ. ನಾಳೆ ಕಡಲಿನಲ್ಲಿ ಹುಟ್ಟುವ ವಿದ್ಯುತ್ತಿಗೂ ಬೆಂಗಳೂರು ತಲುಪಲು ಘಟ್ಟವೇ ದಾರಿ. 'ಕಡಲಿನಲ್ಲಿ ಮಾಡಲಿ' ಎಂದು ನಾವು ಹೇಳಿ ಮುಗಿಸಿದ ಮರುವರ್ಷ ಗೋಪುರಗಳ ಸಾಲು ನಮ್ಮ ಬೇಲಿಗೇ ಬಂದು ನಿಲ್ಲಬಹುದು. ಕಡಲಿನ ಯೋಜನೆ ದಡಕ್ಕೆ ಮುಗಿಯದೆ ತಂತಿಯ ದಾರಿಯನ್ನೂ ಒಳಗೊಂಡಿರಬೇಕೆಂದು ನಾವು ಒತ್ತಾಯಿಸುವುದು ಇದಕ್ಕಾಗಿ.

ನಕ್ಷೆ ಮಾಡುವ ರೀತಿಯ ಬಗ್ಗೆ ನಮಗಿರುವಷ್ಟು ಅನುಭವ ಬೇರೆಯವರಿಗಿರಲಾರದು. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಗ್ರಾಮಸಭೆಗಳ ಮೂಲಕ ಚರ್ಚೆ ನಡೆಯಲೆಂದು ಶಿಫಾರಸು ಮಾಡಿತ್ತು. ಆ ಚರ್ಚೆ ನಡೆಯಲೇ ಇಲ್ಲ. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರಗಳನ್ನು ಆಧರಿಸಿ ಗ್ರಾಮಗಳ ಪಟ್ಟಿ ನೀಡಿತು. 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆಗಳು ಹೊರಬಿದ್ದರೂ ವಿಷಯ ಇತ್ಯರ್ಥವಾಗಲಿಲ್ಲ. ಊರಿನವರನ್ನು ಕೇಳದೆ ಎಳೆದ ಗೆರೆಯನ್ನು ಊರಿನವರು ನಂಬಲಿಲ್ಲ. ಆ ಅಪನಂಬಿಕೆಯ ಲಾಭ ಪಡೆದವರು ರೆಸಾರ್ಟ್, ಕಲ್ಲುಕ್ವಾರಿಗಳವರು. ಕಡಲಿನಲ್ಲಿಯೂ ಹಾಗೆಯೇ ಆದರೆ ನಷ್ಟ ಮೀನುಗಾರರಿಗೆ, ಲಾಭ ಮೊದಲು ಬಂದು ಜಾಗ ಹಿಡಿದವರಿಗೆ. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲಾದ ಕೇಣಿಯಲ್ಲಿ ಹೊಸ ಬಂದರುಗಳ ವಿರುದ್ಧ ಎದ್ದಿರುವ ದನಿಯನ್ನು ಈ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕು. ಬಂದರು, ಗಾಳಿಯಂತ್ರ, ಮರಳು ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಅನುಮತಿ ಕೊಡುತ್ತ ಹೋದರೆ ಪ್ರತಿಯೊಂದರ ವರದಿಯಲ್ಲೂ ಪರಿಣಾಮ ಅಲ್ಪವೆಂದೇ ಬರುತ್ತದೆ. ಎಲ್ಲ ಸೇರಿದಾಗ ಬಲೆ ಬೀಸಲು ನೀರೇ ಉಳಿದಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕಡಲಿನ ಗಾಳಿ ವಿದ್ಯುತ್ತಿಗೆ ನಾವು ವಿರೋಧಿಗಳಲ್ಲ. 2018ರಲ್ಲಿ ಕೊಡಗನ್ನು, 2019ರಲ್ಲಿ ಮೂಡಿಗೆರೆಯ ಊರುಗಳನ್ನೂ ಚಾರ್ಮಾಡಿ ಘಟ್ಟವನ್ನೂ ಕೆಡವಿದ ಮಳೆಯನ್ನು ಕಂಡವರು ಕಲ್ಲಿದ್ದಲನ್ನು ಸಮರ್ಥಿಸಲಾರರು. ಎಲ್ಲೆಡೆಯೂ ಬೇಡ ಎನ್ನುತ್ತ ಮನೆಯಲ್ಲಿ ದೀಪ ಉರಿಸುವುದೂ ನ್ಯಾಯವಲ್ಲ. ಯೋಜನೆ ಮಾಡಿಕೊಂಡೇ ಮುಂದುವರಿದರೆ ಕೆಲವು ವರ್ಷ ತಡವಾಗುತ್ತದೆ, ಆ ಕೆಲವು ವರ್ಷ ಕಲ್ಲಿದ್ದಲು ಉರಿಯುತ್ತದೆ ಎಂಬುದು ನಿಜ. ಆದರೆ ನಮ್ಮ ಘಟ್ಟದ ಹತ್ತು ವರ್ಷಗಳ ಅನುಭವ ತೋರಿಸಿದಂತೆ, ಜನರನ್ನು ಬಿಟ್ಟು ಅವಸರದಲ್ಲಿ ಮಾಡಿದ ಕೆಲಸವೇ ಕೊನೆಗೆ ಹೆಚ್ಚು ತಡವಾಗುತ್ತದೆ.

ಓದುಗ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ಇಂಧನದ ಮಾತು ಬಂದಾಗ 'ಕಡಲಿನಲ್ಲಿ ಮಾಡಲಿ' ಎಂಬ ಒಂದೇ ಸಾಲಿನ ನಿರ್ಣಯ ಮಾಡಬೇಡಿ. ಕರಾವಳಿಯ ರಾಜ್ಯಗಳು ಮತ್ತು ಕೇಂದ್ರ ಸೇರಿ ಮೀನುಗಾರರ ಸಮ್ಮುಖದಲ್ಲಿ ಒಂದೇ ಯೋಜನೆ ಮಾಡಲಿ, ತಂತಿಯ ದಾರಿಯೂ ಅದರಲ್ಲಿರಲಿ, ಕರಡು ಕನ್ನಡ, ಮಲಯಾಳ, ಕೊಂಕಣಿಗಳಲ್ಲಿ ಪ್ರಕಟವಾಗಲಿ ಎಂದು ಬರೆಯಿರಿ. ಕಾಲೇಜಿನ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಒಮ್ಮೆ ಘಟ್ಟ ಇಳಿದು ಮಲ್ಪೆಯ ಧಕ್ಕೆಯಲ್ಲಿ ಒಂದು ದಿನ ಕಳೆಯಿರಿ. ಯಾವ ತಿಂಗಳು ಎಲ್ಲಿ ಬಲೆ ಬೀಸುತ್ತಾರೆ, ರಾತ್ರಿ ಹಡಗಿನ ದೀಪ ಎಷ್ಟು ಹತ್ತಿರ ಬರುತ್ತದೆ ಎಂದು ಅಲ್ಲಿನ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಆ ಬರಹಗಳಿಗೆ ಈ ಪತ್ರಿಕೆಯಲ್ಲಿ ಜಾಗವಿದೆ. ನಮ್ಮ ಬೆಟ್ಟವನ್ನು ಕೇಳದೆ ಮುಟ್ಟಬೇಡಿ ಎಂದು ದಶಕಗಳಿಂದ ಹೇಳುತ್ತ ಬಂದವರು ನಾವು. ಆ ಮಾತು ಕೆಳಗಿನವರ ಕಡಲಿಗೂ ಸಲ್ಲಬೇಕು.